ಕೈಕಟ್ಟಿ ಕುಳಿತವನ ಕಾಲ

ಸಿಲಿಗುರಿ
೨೪ ಅಕ್ಟೋಬರ್ ೧೯೮೩

ಪೂಜ್ಯ ಜಾಮಾಯಿಬಾಬು,

ಬಿಜೊಯಾ ಪ್ರಣಾಮ. ವಿಜಯದಶಮಿಗೆ ದುರ್ಗೆಯನ್ನು ನೀರಿಗೆ ಬಿಟ್ಟು ವಾರವಾಯಿತು. ಕಾಳಿಪೂಜೆಯೊಳಗೆ ಹಿರಿಯರಿಗೆಲ್ಲ ಒಂದು ಸಾಲಾದರೂ ಬರೆಯಬೇಕು ಎಂಬ ಪದ್ಧತಿ ಇರುವುದರಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷ ಈ ಪದ್ಧತಿ ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಪ್ರತಿ ವರ್ಷವೂ ಕಾರ್ಡು ತರುತ್ತಿದ್ದೆ. ದೀದಿ ಇಲ್ಲದ ಮನೆಗೆ ದೀದಿಯ ವಿಳಾಸವನ್ನೇ ಬರೆಯಬೇಕಲ್ಲ, ಅಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು.

ಕಳೆದ ವಾರ ನಿಮ್ಮ ವಿಭಾಗದ ಗೌರ ಮೈತ್ರ ನಮ್ಮ ಕಾಲೇಜಿಗೆ ಪರೀಕ್ಷಕನಾಗಿ ಬಂದಿದ್ದ. ಊಟಕ್ಕೆ ಕರೆದೆ. ಎರಡನೆಯ ಸಲ ಮೀನು ಹಾಕಿಸಿಕೊಂಡ ಮೇಲೆ ಅವನಿಗೆ ಮಾತಿನ ಹುರುಪು ಬಂತು.

"ಬುಲು ದಿ, ನಿಮ್ಮ ಭಾವ ಮೊನ್ನೆ ವಿಭಾಗದ ಹರಟೆ ಅಡ್ಡಾದಲ್ಲಿ ನಮ್ಮನ್ನೆಲ್ಲ ನಗಿಸಿ ಸಾಯಿಸಿಬಿಟ್ರು. ಹರೇನ್ ಬಾಬು ಕೇಳಿದ್ರು, 'ಏನು ಬಾಗ್ಚಿ, ಆಪರೇಷನ್ ಯಾವಾಗ?' ಅಂತ. ಸರ್ ಚಹಾ ಕಪ್ ಇಟ್ಟು ಎದ್ದುಹೋಗಿ ಬೋರ್ಡ್ ಮೇಲೆ ಕಪ್ಪುಕುಳಿಯ ಒಳಗಿನ ಚಿತ್ರ ಬರೆದ್ರು. 'ನಾನು ಅಂಚು ದಾಟಿಯಾಯ್ತು ಹರೇನ್. ಇನ್ನು ಒದ್ದಾಡಿದಷ್ಟೂ ಬೇಗ ಮುಗಿಯುತ್ತೆ. ಇಷ್ಟೂ ಗೊತ್ತಿಲ್ದೆ ನಿನಗೆ ಪ್ರಮೋಷನ್ ಕೊಟ್ಟೋರ್ಯಾರು?' ಅಂದ್ರು."

ನಾನು ಯಾವ ಆಪರೇಷನ್ ಎಂದು ಕೇಳಿದೆ. ಅವನ ಮುಖ ನೋಡಬೇಕಿತ್ತು. ನನಗೆ ಗೊತ್ತಿದೆ ಎಂದುಕೊಂಡಿದ್ದನಂತೆ.

ಏನಾಗಿದೆ, ಯಾವಾಗ ಗೊತ್ತಾಯಿತು, ವೈದ್ಯರು ಏನೆಂದರು? ಬೋರ್ಡಿನ ಚಿತ್ರವಿಲ್ಲದೆ ಬರೆಯಿರಿ.

ಇತಿ,
ಬುಲು


ಕಲಕತ್ತ
೬ ನವೆಂಬರ್ ೧೯೮೩

ಕಲ್ಯಾಣೀಯಳಾದ ಬುಲು,

ಆಶೀರ್ವಾದ. ಮನೆಗೆಲಸದ ಮಾನದಾ ಮಾಶಿ ನಿನ್ನ ಪಾಲಿನ ತೆಂಗಿನ ಉಂಡೆಗಳನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ಅಂಚೆಯಲ್ಲಿ ಹಾಕಿದರೆ ಸಿಲಿಗುರಿಗೆ ಇರುವೆಗಳಷ್ಟೇ ತಲುಪುತ್ತವೆ ಎಂದರೂ ಕೇಳುತ್ತಿಲ್ಲ. "ಚಿಕ್ಕಮ್ಮಾವ್ರು ಬರ್ದಿದಾರೆ ಅಂದ್ರೆ ಬಂದೇ ಬರ್ತಾರೆ" ಎನ್ನುತ್ತಾಳೆ.

ಗೌರನ ಬಾಯಿ ಸೋರುವ ಕೊಳಾಯಿ. ಹೇಗೂ ಗೊತ್ತಾಯಿತಲ್ಲ, ಬರೆಯುತ್ತೇನೆ. ದೊಡ್ಡ ಕರುಳಿನಲ್ಲಿ ಗಡ್ಡೆ. ಒಳ್ಳೆಯ ಜಾತಿಯದಲ್ಲ. ಜುಲೈನಲ್ಲಿ ಗೊತ್ತಾಯಿತು. ಸೋಮ್ ಎಂಬ ಸರ್ಜನ್ ಹೊಟ್ಟೆ ಬಿಚ್ಚಬೇಕು ಎನ್ನುತ್ತಾನೆ. ಬೇಡ ಎಂದಿದ್ದೇನೆ.

ಚಿತ್ರ ಬೇಡ ಎಂದಿದ್ದೀ. ಆದರೆ ಕಾರಣವಿರುವುದೇ ಅಲ್ಲಿ. ನೀನೂ ನನ್ನ ತರಗತಿಯಲ್ಲಿ ಕುಳಿತವಳು, ಆದರೂ ಇನ್ನೊಮ್ಮೆ ಕೇಳು. ಕಪ್ಪುಕುಳಿಯ ನಡುವೆ ಸಿಂಗ್ಯುಲಾರಿಟಿ, ಅಂದರೆ ಎಲ್ಲ ಮುಗಿಯುವ ಬಿಂದು, ಮಾವಿನಹಣ್ಣಿನೊಳಗಿನ ಗೊರಟೆಯಂತೆ ಕೂತಿದೆ ಎಂದು ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಬೆಳಕೂ ಹಿಂತಿರುಗಲಾಗದ ಆ ಅಂಚು ದಾಟಿ ಒಳಗೆ ಬಿದ್ದವನಿಗೆ ಅದು ಮುಂದಿರುವ ಜಾಗವಲ್ಲ, ಮುಂದೆ ಬರುವ ಹೊತ್ತು. ಬರುವ ಚೈತ್ರದ ಹಾಗೆ. ಎಡಕ್ಕೆ ತಿರುಗಿ ಚೈತ್ರವನ್ನು ತಪ್ಪಿಸಿಕೊಂಡವರಿಲ್ಲ. ಅಲ್ಲಿ ಏನಿದೆ ಎಂದು ಕೇಳಿದರೆ, ಏನೋ ಇದೆ ಎಂದೂ ಹೇಳಲಾಗದು. ನಾವು ಸಾಧಿಸಿರುವುದು ಇಷ್ಟೇ: ಬಿದ್ದವನ ದಾರಿ ಒಂದು ಮಿತಿಯೊಳಗೆ ಮುಗಿಯುತ್ತದೆ, ಅದನ್ನು ಮುಂದುವರಿಸಲು ಜಾಗವೂ ಇಲ್ಲ, ಕಾಲವೂ ಇಲ್ಲ. ಮುಗಿಯುವಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಗಣಿತಕ್ಕೆ ಬಾಯಿಲ್ಲ.

ಇನ್ನು ಅವನು ರಾಕೆಟ್ಟಿನಲ್ಲಿ ಕೂತಿದ್ದಾನೆ ಎನ್ನು. ಗಾಬರಿಯಿಂದ ಇಂಜಿನ್ ಹೊತ್ತಿಸುತ್ತಾನೆ, ಆ ಕಡೆ ಈ ಕಡೆ ಎಳೆದಾಡುತ್ತಾನೆ. ಅವನ ಗಡಿಯಾರದಲ್ಲಿ ಅವನಿಗೆ ಉಳಿಯುವ ಕಾಲ ಅದರಿಂದ ಕಡಿಮೆಯಾಗುತ್ತದೆ. ಅತಿ ದೀರ್ಘ ಕಾಲ ದಕ್ಕುವುದು ಇಂಜಿನ್ ಮುಟ್ಟದೆ ಕೈಕಟ್ಟಿ ಕುಳಿತವನಿಗೆ. ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ವರ್ಷ ಇದನ್ನು ಕಲಿಸಿದ್ದೇನೆ. ಹುಡುಗರು ತಲೆಯಾಡಿಸುತ್ತಾರೆ. ಮನಸ್ಸಿಗೂ ಹಿತವಾದ ಪ್ರಮೇಯ.

ನಾನು ಒಮ್ಮೆ ಬೇರೆಯವರ ಪರವಾಗಿ ಎಲ್ಲ ದಿಕ್ಕಿಗೂ ಇಂಜಿನ್ ಹೊತ್ತಿಸಿ ನೋಡಿದ್ದೇನೆ. ಮೊದಲು ಇಲ್ಲಿ ಆಪರೇಷನ್, ಆಮೇಲೆ ಬೊಂಬಾಯಿ, ಅಲ್ಲಿ ಸುತ್ತಿನ ಮೇಲೆ ಸುತ್ತು ಔಷಧಿ. ನಿನ್ನ ದೀದಿ ಸುಪ್ರೀತಿಯನ್ನು ಕೇವಡಾತಲಾ ಘಾಟ್‌ನ ಸ್ಮಶಾನಕ್ಕೆ ತಂದ ದಿನ ನೀನು ಎಲ್ಲರೆದುರಿಗೆ ಹೇಳಿದೆಯಲ್ಲ, "ಅವಳ ಪಾಡಿಗೆ ಬಿಟ್ಟಿದ್ರೆ ಇನ್ನೂ ಇರ್ತಿದ್ಲು" ಎಂದು. ಆಮೇಲೆ ಬಹಳ ದಿನ ಯೋಚಿಸಿದೆ. ಪ್ರಮೇಯದ ಪ್ರಕಾರ ನೀನು ಹೇಳಿದ್ದು ಸರಿ.

ಇಲ್ಲಿ ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತದೆ. ಎದುರುಮನೆಯ ಹಾರ್ಮೋನಿಯಂ ಮಾತ್ರ ನಿಲ್ಲುವುದಿಲ್ಲ. ಕರೆಂಟು ಬೇಡದ ವಾದ್ಯ.

ಇತಿ,
ಹಿಮಾದ್ರಿ ಬಾಗ್ಚಿ


ಸಿಲಿಗುರಿ
೨೦ ನವೆಂಬರ್ ೧೯೮೩

ಜಾಮಾಯಿಬಾಬು,

ನಿಮ್ಮ ಸಹಿ ನೋಡಿ ನಗು ಬಂತು. ಹೆಂಡತಿಯ ತಂಗಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕುವವರು ನೀವೊಬ್ಬರೇ ಇರಬೇಕು. ಮದುವೆಯ ದಿನ ನಿಮ್ಮ ಜೋಡು ಬಚ್ಚಿಟ್ಟಾಗ, "ಜೋಡಿಲ್ಲದೆ ನಡೆಯೋದು ಸಾಧ್ಯ, ಸಾಧಿಸಿ ತೋರಿಸ್ತೀನಿ" ಎಂದು ಬರಿಗಾಲಲ್ಲೇ ಹೊರಟ ವರ. ನಮ್ಮ ದೀದಿಗೆ ಎಂಥವನು ಸಿಕ್ಕಿದ ಎಂದು ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಅದೇ ಮನುಷ್ಯ ಈಗ ಕರುಳಿನ ಗಡ್ಡೆಗೆ ಸಾಪೇಕ್ಷತೆಯ ಪಾಠ ಹೇಳುತ್ತಿದ್ದಾನೆ. ಗಡ್ಡೆ ನಿಮ್ಮ ತರಗತಿಗೆ ಬಂದಿಲ್ಲ.

ಅಂಚೆ ಕಚೇರಿಗೆ ಹೋಗಿ ಸೋಮ್ ಡಾಕ್ಟರಿಗೆ ಟ್ರಂಕ್‌ಕಾಲ್ ಮಾಡಿದೆ. "ನಾನೇನ್ ಮಾಡ್ಲಿ ಮೇಡಂ? ಪೇಷೆಂಟ್ ಅಂತ ಒಳಗೆ ಕರೆದ್ರೆ ಮುಕ್ಕಾಲು ಗಂಟೆ ನಂಗೇ ಪಾಠ ಮಾಡಿ, ಫೀಸು ಕೊಟ್ಟು ಎದ್ದುಹೋದ್ರು. ಒಪ್ಸೋಕೆ ಆಗುತ್ತಾ ನೋಡಿ. ತಡ ಮಾಡ್ಬೇಡಿ" ಎಂದರು. ಅದರ ಮುಂದಿನ ಮಾತು ಗೊರಗೊರ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸದಿದ್ದುದು ಒಳ್ಳೆಯದೋ ಏನೋ.

ಘಾಟ್‌ನಲ್ಲಿ ಆಡಿದ್ದು ಮಾತು. ಅದನ್ನು ನೀವು ಪ್ರಮೇಯ ಮಾಡಿಕೊಂಡು ಕೂತಿದ್ದೀರಿ. ಈ ಬಗ್ಗೆ ಇನ್ನು ಬರೆಯುವುದಿಲ್ಲ.

ಬೇರೆ ಒಂದು ವಿಷಯ. ನಿಮ್ಮ ಪತ್ರ ಬಂದ ಮೇಲೆ ಪಾಠ ಮಾಡುವಾಗ, ಅಕ್ಕಿ ತೊಳೆಯುವಾಗ ಆ ರಾಕೆಟ್ಟಿನವನೇ ಕಣ್ಣೆದುರಿಗೆ ಬರುತ್ತಾನೆ. ಕೈಕಟ್ಟಿ ಕುಳಿತಿದ್ದಾನೆ, ಸರಿ. ಎಲ್ಲಿಂದ ಬಿದ್ದ? ಬೀಳತೊಡಗಿದ್ದು ಅಂಚಿನಿಂದಲೋ, ಬಹಳ ದೂರದಿಂದಲೋ? ಇದನ್ನು ಯಾರೂ ಕೇಳಿದ್ದು ನೆನಪಿಲ್ಲ. ನೀವು ಕಲಿಸುವಾಗ ನಾನೂ ಕೇಳಲಿಲ್ಲ. ಮೊದಲ ಬೆಂಚಿನಲ್ಲೇ ಕೂತಿರುತ್ತಿದ್ದೆ.

ಇತಿ,
ಬುಲು


ಸಿಲಿಗುರಿ
೪ ಡಿಸೆಂಬರ್ ೧೯೮೩

ಜಾಮಾಯಿಬಾಬು,

ಜೊತೆಗಿರುವ ನಾಲ್ಕು ಹಾಳೆಗಳನ್ನು ಮೊದಲು ನೋಡಿ. ಆಮೇಲೆ ಇದನ್ನು ಓದಿ.

ನೀವು ಕಲಿಸಿದ್ದು ಅರ್ಧ. ಕಪ್ಪುಕುಳಿಯ ಅಂಚಿನಲ್ಲೇ ನಿಂತಿದ್ದು, ಅಲ್ಲಿಂದ ಮೆಲ್ಲನೆ ಕೈಬಿಟ್ಟವನೊಬ್ಬ ಇದ್ದರೆ, ಅವನಿಗೆ ಕೈಕಟ್ಟಿ ಕೂರುವುದೇ ಸರಿ. ಅವನು ಏನು ಮಾಡಿದರೂ ಕಾಲ ಕಳೆದುಕೊಳ್ಳುತ್ತಾನೆ. ಆದರೆ ಅಂಥವನು ಎಲ್ಲಿದ್ದಾನೆ? ನಿಜವಾಗಿ ಬೀಳುವವರೆಲ್ಲ ದೂರದಿಂದ ಬೀಳುತ್ತಾರೆ, ಅಂಚಿಗೆ ಬರುವಾಗಲೇ ವೇಗ ಹಿಡಿದಿರುತ್ತಾರೆ. ಅಂಥವನು ಕೈಕಟ್ಟಿ ಕುಳಿತರೆ, ಇರಬಹುದಾದ ಕಾಲವನ್ನೂ ಕಳೆದುಕೊಳ್ಳುತ್ತಾನೆ. ಅವನು ಅಂಚು ದಾಟಿದ ಕೂಡಲೇ ಬೀಳುವಿಕೆಗೆ ಎದುರಾಗಿ ಒಮ್ಮೆ ಇಂಜಿನ್ ಹೊತ್ತಿಸಬೇಕು. ಎಷ್ಟು ಬೇಗ ಹೊತ್ತಿಸಿದರೆ ಅಷ್ಟು ಲಾಭ. ಅವನ ದಾರಿ ಆ ಅಂಚಿನವನ ದಾರಿಯನ್ನು ಸೇರಿದ ಕ್ಷಣ ಆರಿಸಬೇಕು. ಕೈಕಟ್ಟಬೇಕಾದ್ದು ಆಮೇಲೆ. ಅದಕ್ಕಿಂತ ಹೆಚ್ಚು ಉರಿಸಿದರೆ ಮತ್ತೆ ನಷ್ಟ.

ಕೊನೆ ಇದರಿಂದ ತಪ್ಪುವುದಿಲ್ಲ. ತಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ದೂರ ಹೋಗುತ್ತದೆ, ಅಷ್ಟೆ.

ನಾಲ್ಕು ಸಲ ಪರೀಕ್ಷಿಸಿದ್ದೇನೆ. ನೀವು ತಪ್ಪು ಹುಡುಕಿಯೇ ಹುಡುಕುತ್ತೀರಿ. ಹುಡುಕಿ. ಸಿಗದಿದ್ದರೆ ಸೋಮ್ ಡಾಕ್ಟರಿಗೆ ಫೋನ್ ಮಾಡಿ.

ಇತಿ,
ಬುಲು


ಕಲಕತ್ತ
೧೫ ಡಿಸೆಂಬರ್ ೧೯೮೩

ಬುಲು,

ಸಿಗಲಿಲ್ಲ.

ಮೊದಲ ದಿನ ಮೂರನೆಯ ಹಾಳೆಯಲ್ಲಿ ಒಂದು ಚಿಹ್ನೆ ತಪ್ಪಿದೆ ಎಂದುಕೊಂಡು, ಸಮಾಧಾನದಿಂದ ಮೀನಿನ ಸಾರು ಉಂಡು ಮಲಗಿದೆ. ಎದ್ದು ನೋಡಿದರೆ ತಪ್ಪಿದ್ದವನು ನಾನು. ಹಾಳೆಗಳನ್ನು ಅಡ್ಡಾಕ್ಕೆ ಒಯ್ದೆ. ಹರೇನ್ ಕನ್ನಡಕ ಏರಿಸಿ ಇಳಿಸಿ ನೋಡಿ, "ಬಾಗ್ಚಿ, ನಿನ್ನ ನಾದಿನಿ ನಮ್ಮನ್ನೆಲ್ಲ ಮತ್ತೆ ಒಂದನೇ ಕ್ಲಾಸಿಗೆ ಕಳಿಸಿದ್ಲಲ್ಲಯ್ಯ" ಎಂದ. ಗೌರ, "ಸರ್, ಇದೊಂದು ಪೇಪರ್ ಆಗುತ್ತೆ" ಎಂದ. ಅವನಿಗೆ ಹೆತ್ತಮ್ಮನ ಶ್ರಾದ್ಧವೂ ಪೇಪರ್ ಆಗುತ್ತದೆ.

ಸೋಮ್‌ಗೆ ಫೋನ್ ಮಾಡಿದ್ದೇನೆ. ಜನವರಿ ಎರಡನೆಯ ವಾರ. ನೀನು ಬರಬೇಡ. ಬಂದರೆ ಆಪರೇಷನ್ ಟೇಬಲ್ಲಿನ ಪಕ್ಕದಲ್ಲಿ ನಿಂತು ಅವನಿಗೂ ತಪ್ಪು ತೋರಿಸುತ್ತೀಯ. ಅವನ ಕತ್ತರಿ ತಪ್ಪಿದರೆ ಕಷ್ಟ.

ಇದರಲ್ಲಿ ಒಂದು ತೊಂದರೆಯಿದೆ. ನೀನು ಅದನ್ನು ಯೋಚಿಸಿರುತ್ತೀಯ, ಬರೆದಿಲ್ಲ. ಮೊನ್ನೆಯವರೆಗೆ ನನಗೆ ಎಲ್ಲ ಸರಳವಾಗಿತ್ತು. ಸುಪ್ರೀತಿಗೆ ಮಾಡಿಸಿದ್ದೆಲ್ಲ ತಪ್ಪು, ಮೊದಲಿನಿಂದ ಕೊನೆಯವರೆಗೆ. ಅದರೊಂದಿಗೆ ನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಒಗ್ಗಿಹೋಗಿತ್ತು. ಈಗ ನಿನ್ನ ಹಾಳೆಗಳ ಪ್ರಕಾರ ಒಂದಿಷ್ಟು ಸರಿ, ಒಂದಿಷ್ಟು ಹೆಚ್ಚು. ಇಲ್ಲಿ ಮಾಡಿಸಿದ ಆಪರೇಷನ್ ಸರಿಯೇ ಇರಬೇಕು. ಬೊಂಬಾಯಿಯಲ್ಲಿ ಎಲ್ಲಿಯವರೆಗೆ ಸರಿ, ಎಲ್ಲಿಂದ ಹೆಚ್ಚು? ಆರಿಸಬೇಕಾದ ಕ್ಷಣ ರಾಕೆಟ್ಟಿನವನಿಗೆ ಲೆಕ್ಕದಲ್ಲಿ ಸಿಗುತ್ತದೆ. ನನಗೆ ಯಾವುದರಲ್ಲಿ ಸಿಗಬೇಕಿತ್ತು?

ಉತ್ತರ ಕೇಳುತ್ತಿಲ್ಲ.

ಇತಿ,
ಹಿಮಾದ್ರಿ


ಸಿಲಿಗುರಿ
೨೭ ಡಿಸೆಂಬರ್ ೧೯೮೩

ಜಾಮಾಯಿಬಾಬು,

ಫೋನ್ ಮಾಡಿದ್ದು ಒಳ್ಳೆಯದಾಯಿತು. ಸ್ವೆಟರ್ ಕಳಿಸಿದ್ದೇನೆ. ನರ್ಸಿಂಗ್ ಹೋಮಿನ ಹಾಸಿಗೆ ತಣ್ಣಗಿರುತ್ತದೆ. ಬಣ್ಣದ ಬಗ್ಗೆ ಏನೂ ಹೇಳಬೇಡಿ.

ಬೊಂಬಾಯಿಯ ಬಗ್ಗೆ ನನಗೆ ಔಷಧಿಗಳ ಹೆಸರು ಮಾತ್ರ ಗೊತ್ತು. ನೀವು ಆಗ ಬರೆಯುತ್ತಿದ್ದ ಕಾರ್ಡುಗಳಲ್ಲಿ ಅಷ್ಟೇ ಇರುತ್ತಿತ್ತು. ಅಲ್ಲಿ ನೀವಿಬ್ಬರೂ ಏನು ಮಾಡುತ್ತಿದ್ದಿರಿ? ದಿನವಿಡೀ? ದೀದಿ ಏನು ತಿನ್ನುತ್ತಿದ್ದಳು, ಯಾರೊಡನೆ ಜಗಳವಾಡುತ್ತಿದ್ದಳು? ಅವಳು ಯಾರೊಡನೆಯೂ ಜಗಳವಾಡದೆ ಅಷ್ಟು ದಿನ ಇದ್ದಿರಲಿಕ್ಕಿಲ್ಲ.

ಈಗಲೇ ಬೇಡ. ಹುಷಾರಾದ ಮೇಲೆ ಬರೆಯಿರಿ.

ಇತಿ,
ಬುಲು


ಕಲಕತ್ತ
೨೦ ಫೆಬ್ರವರಿ ೧೯೮೪

ಬುಲು,

ಅಕ್ಷರ ನೋಡಿ ಗಾಬರಿಯಾಗಬೇಡ. ದಿಂಬಿಗೆ ಒರಗಿ ಬರೆಯುತ್ತಿದ್ದೇನೆ.

ಗೌರ ನಿನಗೆ ಹೇಳಿರಬಹುದು, ಹೇಳದೆಯೂ ಇರಬಹುದು. ಈ ಸಲ ಅವನ ಕೊಳಾಯಿ ಸೋರುತ್ತಿಲ್ಲ, ಅದರಿಂದಲೇ ನನಗೆ ಅರ್ಥವಾಯಿತು. ಗಡ್ಡೆ ತೆಗೆದರು. ಆದರೆ ಅದು ಅಷ್ಟರಲ್ಲಿ ಯಕೃತ್ತಿಗೂ ಹೋಗಿತ್ತು. ಅದನ್ನು ಹಾಗೇ ಬಿಟ್ಟು ಹೊಲಿದಿದ್ದಾರೆ. ಜುಲೈನಲ್ಲೇ ಬಂದಿದ್ದರೆ ಎಂದು ಸೋಮ್ ಶುರುಮಾಡಿದ, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಒಳ್ಳೆಯ ಹುಡುಗ. ಎಷ್ಟು ಬೇಗ ಹೊತ್ತಿಸಿದರೆ ಅಷ್ಟು ಲಾಭ ಎಂದು ನೀನು ಬರೆದದ್ದು ನಾಲ್ಕನೆಯ ಹಾಳೆಯಲ್ಲಿದೆ. ಆ ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೆ, ಡಿಸೆಂಬರಿನಲ್ಲೇ.

ಅಷ್ಟಾದರೂ ದಕ್ಕಿತು. ಕರುಳು ಕಟ್ಟಿಕೊಂಡು ಈ ತಿಂಗಳಲ್ಲೇ ಮುಗಿಯುತ್ತಿತ್ತಂತೆ. ಈಗ ಅನ್ನ ಉಣ್ಣುತ್ತಿದ್ದೇನೆ, ಎದುರುಮನೆಯ ಹುಡುಗಿಯ ಶ್ರುತಿ ಎಲ್ಲಿ ತಪ್ಪುತ್ತದೆ ಎಂದು ಗಮನಿಸುತ್ತಿದ್ದೇನೆ. ಇನ್ನು ರಕ್ತನಾಳಕ್ಕೆ ಔಷಧಿ ಹರಿಸುವುದನ್ನು ಆರಂಭಿಸೋಣ ಎನ್ನುತ್ತಾರೆ. ಯೋಚಿಸುತ್ತೇನೆ ಎಂದಿದ್ದೇನೆ.

ಬೊಂಬಾಯಿ. ದಾದರಿನಲ್ಲಿ ಒಬ್ಬ ಮರಾಠಿ ವಿಧವೆಯ ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಜಗಳ ಮೊದಲ ವಾರವೇ ಆಯಿತು. ಆ ಆಯಿಗೆ ಮನೆಯಲ್ಲಿ ಮೀನು ಬೇಯುವುದು ಇಷ್ಟವಿರಲಿಲ್ಲ, ನಿನ್ನ ದೀದಿಗೆ ಸಾಸಿವೆ ಎಣ್ಣೆಯಿಲ್ಲದ ಮನೆ ಮನೆಯೇ ಅಲ್ಲ. ಮೂರನೆಯ ವಾರಕ್ಕೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತ ನನ್ನ ಹಿಂದಿಯನ್ನು ಅಣಕಿಸುತ್ತಿದ್ದರು. ನಾನು ಟ್ಯಾಕ್ಸಿಯವನಿಗೆ ಹೇಳಿದ ಒಂದು ವಾಕ್ಯವನ್ನು ಸುಪ್ರೀತಿ ಆಯಿಗೆ ಮಾಡಿ ತೋರಿಸಿದಳು. ಇಬ್ಬರಿಗೂ ನಗು ತಡೆಯಲಾಗದೆ, ಆಯಿ ಗೋಡೆ ಹಿಡಿದು ಕೂತರು. ಸುಪ್ರೀತಿಯ ಕೂದಲೆಲ್ಲ ಔಷಧಿಗೆ ಉದುರಿಹೋಗಿತ್ತು ಆಗ. ತಲೆಗೆ ಆಯಿಯ ಹಳದಿ ವಸ್ತ್ರ ಸುತ್ತಿಕೊಂಡಿದ್ದಳು.

ಸಂಜೆ ಸಮುದ್ರದ ಕಟ್ಟೆಗೆ ಹೋಗುತ್ತಿದ್ದೆವು. ನಡೆಯಲಾಗದ ದಿನವೂ ಹಟಮಾಡಿ ಹೊರಡುತ್ತಿದ್ದಳು. ಒಂದು ದಿನ ಅಲ್ಲಿ ಕೂತಿದ್ದಾಗ, "ಸಾಕು ಕಣ್ರೀ, ಮನೆಗೆ ಹೋಗೋಣ" ಎಂದಳು. ದಾದರಿನ ಕೋಣೆಯನ್ನು ಅವಳು ಎಂದೂ ಮನೆ ಎಂದು ಕರೆದಿರಲಿಲ್ಲ. ಬಿಸಿಲಿತ್ತು. ಬಿಸಿಲಿಗೆ ಹೇಳಿದಳು ಎಂಬಂತೆ ನಾನು ಕೊಡೆ ಬಿಚ್ಚಿದೆ. ಮರುದಿನ ಮತ್ತೆ ಆಸ್ಪತ್ರೆಗೆ ಹೋದೆವು.

ನೀನು ಕೇಳಿದೆ ಎಂದು ಬರೆದೆ. ದಣಿವಾಯಿತು.

ಬರುವುದಿದ್ದರೆ ಬಾ. ಹಾಳೆಗಳನ್ನು ತರಬೇಡ.

ಇತಿ,
ಜಾಮಾಯಿಬಾಬು


ಸಿಲಿಗುರಿ
೧೨ ಮಾರ್ಚ್ ೧೯೮೪

ಜಾಮಾಯಿಬಾಬು,

ನಾಳೆಯ ರೈಲಿಗೆ ಟಿಕೆಟ್ ಸಿಕ್ಕಿದೆ. ಈ ಪತ್ರವನ್ನು ಇವತ್ತು ಹಾಕಿದರೂ ನನಗಿಂತ ತಡವಾಗಿಯೇ ತಲುಪುತ್ತದೆ. ನೀವು ಓದುವಾಗ ನಾನು ಪಕ್ಕದ ಕೋಣೆಯಲ್ಲಿ, ದೀದಿಯ ಬೀರುವಿನ ಹತ್ತಿರ ಏನಾದರೂ ಮಡಚುತ್ತಿರುತ್ತೇನೆ. ಎದುರಿಗೆ ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೆ ಹೀಗೆ.

ಘಾಟ್‌ನಲ್ಲಿ ಹೇಳಿದ್ದರ ಬಗ್ಗೆ. ಅದು ಸರಿಯೋ ತಪ್ಪೋ ಎಂದು ನಾಲ್ಕು ಹಾಳೆ ಲೆಕ್ಕ ಮಾಡಿ ನೋಡಿದೆ, ಗೊತ್ತಾಗಲಿಲ್ಲ. ನೀವು ಬರೆದ ಆ ಸಂಜೆಯನ್ನು ಓದಿದೆ. ಆ ಕಟ್ಟೆಯ ಮೇಲೆ ನಾನು ಕೂತಿದ್ದು, ದೀದಿ ನನ್ನ ಕಡೆ ತಿರುಗಿ ಸಾಕು ಎಂದಿದ್ದರೆ, ನನ್ನ ಹತ್ತಿರ ಕೊಡೆಯೂ ಇರುತ್ತಿರಲಿಲ್ಲ. ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇದನ್ನು ಯಾವ ಸಾಲಿನಲ್ಲಿ ಬರೆಯುವುದೋ ತಿಳಿಯದು. ಆದರೂ ಘಾಟ್‌ನಲ್ಲಿ ತಪ್ಪಿಗೆ ನಿಮ್ಮೊಬ್ಬರನ್ನೇ ನಿಲ್ಲಿಸಿ ಬಂದಿದ್ದೆ.

ಓದಿ ಏನೂ ಹೇಳಬೇಡಿ. ಮುಖಕ್ಕೆ ಮುಖ ಕೊಟ್ಟು ಏನಾದರೂ ಹೇಳಿದರೆ ಅವತ್ತೇ ರೈಲು ಹತ್ತುತ್ತೇನೆ.

ಇತಿ,
ಬುಲು


ಪಕ್ಕದ ಕೋಣೆಗೆ
೧೭ ಮಾರ್ಚ್ ೧೯೮೪

ಬುಲು,

ಅಂಚೆಯವನು ಈಗಷ್ಟೇ ಕೊಟ್ಟುಹೋದ. ಹೇಳಬೇಡಿ ಎಂದಿದ್ದೀಯ, ಬರೆಯಬೇಡಿ ಎಂದಿಲ್ಲ. ಈ ಚೀಟಿಯನ್ನು ಮಾನದಾ ಮಾಶಿಯ ಕೈಯಲ್ಲಿ ಕಳಿಸುತ್ತಿದ್ದೇನೆ. "ಗೋಡೆಯಾಚೆ ಇರೋರಿಗೆ ಚೀಟಿ ಯಾಕೆ ದಾದಾಬಾಬು, ಕೂಗಿದ್ರೆ ಆಗಲ್ವಾ?" ಎಂದು ಗೊಣಗುತ್ತಿದ್ದಾಳೆ. ಬೀರುವಿನ ಬಾಗಿಲು ಮುಚ್ಚುವ ಸದ್ದು ನಾಲ್ಕು ಸಲ ಕೇಳಿಸಿತು. ಅಷ್ಟೊಂದು ಮಡಚಲು ಅಲ್ಲೇನೂ ಉಳಿದಿಲ್ಲ.

ನೀನು ಬರೆದದ್ದಕ್ಕೆ ಉತ್ತರ ಬೇಡ. ಓದಿದೆ, ಅಷ್ಟೆ.

ಬೆಳಿಗ್ಗೆ ನೀನು ಮೀನು ತರಲು ಹೋದಾಗ ಸೋಮ್ ಬಂದಿದ್ದ. ಔಷಧಿ ಹರಿಸುವುದು ಬೇಡ ಎಂದು ಹೇಳಿ ಕಳಿಸಿದೆ. ಅವನು ವಾದ ಮಾಡಲಿಲ್ಲ. ಇದಕ್ಕೆ ಬೋರ್ಡ್ ಬೇಕಾಗಲಿಲ್ಲ, ಪ್ರಮೇಯವೂ ಬೇಕಾಗಲಿಲ್ಲ. ಸಾಕು ಎನಿಸಿತು, ಸಾಕು ಎಂದೆ. ಅವನು ಕೇಳಿಸಿಕೊಂಡ.

ಅವನು ಹೋದ ಮೇಲೆ ಇಲ್ಲೇ ಕೂತಿದ್ದೇನೆ. ಇಷ್ಟು ವರ್ಷ ಕೊನೆಯ ಬಗ್ಗೆ ಪಾಠ ಮಾಡಿದೆ. ದಾರಿ ಎಷ್ಟು ಉದ್ದ ಎಂದಷ್ಟೇ ಅಳೆದೆವು. ಇಂಜಿನ್ ಆರಿಸಿದ ಮೇಲೆ ಆ ಮನುಷ್ಯ ಏನು ಮಾಡುತ್ತಾನೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಜೋರಾಗಿ ನಗುತ್ತಿದ್ದೆ.

ನನಗೆ ಹೆದರಿಕೆಯಾಗುತ್ತಿದೆ ಬುಲು. ಮಾನದಾ ಮಾಶಿಗೆ ಹೇಳಿದರೆ ಅಳುತ್ತಾಳೆ. ಅಡ್ಡಾದಲ್ಲಿ ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರೆ, ಅವರ ತಪ್ಪಲ್ಲ. ಸುಪ್ರೀತಿಗೂ ಹೀಗೇ ಆಗಿತ್ತೋ ಏನೋ, ನಾನು ಕೇಳಲಿಲ್ಲ.

ಈ ಕಡೆ ಬಂದು ಕೂತುಕೋ. ಮಾತಾಡಬೇಕಾಗಿಲ್ಲ.

ಇತಿ,
ಜಾಮಾಯಿಬಾಬು